‘ಬಾರ್ಡರು’ ಎಂಬ ಮಾತೂ ಆಳಂದ, ಅಫಜಲಪುರ, ಜೇವರ್ಗಿಗಳ ಎಲ್ಲೆಯೂ

ಶಬ್ದದಲ್ಲಿ ಹೊಕ್ಕ ತಪ್ಪು ಶಬ್ದದಲ್ಲಿಯೇ ಉಳಿಯುವುದಾದರೆ ಅದನ್ನು ನಿಘಂಟುಕಾರರ ಪಾಲಿಗೆ ಬಿಟ್ಟು ನಾವು ನಮ್ಮ ಕೆಲಸ ನೋಡಿಕೊಳ್ಳಬಹುದಿತ್ತು. ಆದರೆ ಶಬ್ದದ ತಪ್ಪು ಕಡತಕ್ಕಿಳಿದು, ಕಡತದ ತಪ್ಪು ಅಪ್ಪಣೆಯಾಗಿ, ಅಪ್ಪಣೆಯ ತಪ್ಪು ಬಡವರ ಹೊಟ್ಟೆಯ ಮೇಲೆ ಬಂದು ಬೀಳುವಾಗ ಮೌನವು ಸಲ್ಲದು. ಕಲಬುರ್ಗಿ ಜಿಲ್ಲೆಯ ಆಳಂದ, ಅಫಜಲಪುರ ತಾಲೂಕುಗಳ ಹೆಸರೆತ್ತಿದರೆ ಸಾಕು, ಅಧಿಕಾರಿಗಳ ಬಾಯಲ್ಲಿ, ವರ್ತಮಾನಪತ್ರಗಳ ಅಂಕಣಗಳಲ್ಲಿ, ನಮ್ಮವರೇ ಆದ ವಾಗ್ಮಿಗಳ ಭಾಷಣಗಳಲ್ಲಿ ‘ಬಾರ್ಡರು’ ಎಂಬ ಒಂದೇ ಮಾತು ಕೇಳಿಬರುತ್ತದೆ. ಬಾರ್ಡರ್ ತಾಲೂಕು, ಬಾರ್ಡರ್ ಏರಿಯಾ, ಬಾರ್ಡರ್ ಸಮಸ್ಯೆ! ಹೀಗೆನ್ನುವವರನ್ನು ನಿಲ್ಲಿಸಿ, ‘ಅಯ್ಯಾ, ಬಾರ್ಡರೆಂದರೇನು?’ ಎಂದು ಕೇಳಿದರೆ ‘ಗಡಿ’ ಎನ್ನುವರು. ಗಡಿಯೆಂದರೇನೆಂದು ಕೇಳಿದರೆ ತಿರುಗಿ ‘ಬಾರ್ಡರು’ ಎನ್ನುವರು. ಎರಡೂ ಶಬ್ದಗಳು ಒಂದನ್ನೊಂದು ಆತುಕೊಂಡು ನಿಂತಿವೆಯೇ ಹೊರತು, ಅವುಗಳ ಕೆಳಗೆ ಅರ್ಥವೆಂಬ ನೆಲವಿಲ್ಲ.

ನಾವು ಹೇಳಹೊರಟಿರುವುದು ಇಷ್ಟು. ರಾಜ್ಯರಾಜ್ಯಗಳ ನಡುವಣ ಎಲ್ಲೆಗೆ ಒಂದು ಅರ್ಥವುಂಟು. ಎಲ್ಲೆಯ ಮಗ್ಗುಲಲ್ಲಿ ಬಾಳುವ ಜನರ ನಾಡಿಗೆ ಇನ್ನೊಂದು ಅರ್ಥವುಂಟು. ಶತ್ರುವಿಗೆ ಎದುರಾಗಿ ನಿಂತ ದೇಶದ ಸರಹದ್ದಿಗೆ ಮೂರನೆಯದೇ ಆದ ಅರ್ಥವುಂಟು. ಈ ಮೂರನ್ನೂ ಒಂದೇ ಶಬ್ದದ ಗೋಣಿಯಲ್ಲಿ ತುಂಬಿದ್ದರಿಂದ ಕನ್ನಡಿಗರ ನ್ಯಾಯವಾದ ಬೇಡಿಕೆಯು ಬಲಗುಂದಿದೆ, ಎಲ್ಲೆಯ ಜನರ ಪಾಡು ಕೆಟ್ಟಿದೆ. ಇದನ್ನು ಆಳಂದ, ಅಫಜಲಪುರ, ಜೇವರ್ಗಿಗಳ ನೆಲದ ಮೇಲೆಯೇ ತೋರಿಸಿಕೊಡುವೆವು.

ಮೊದಲು ಇಂಗ್ಲಿಷರ ಭಾಷೆಯನ್ನೇ ನೋಡೋಣ. ಅವರಲ್ಲಿ ಎಲ್ಲೆಯನ್ನು ಹೇಳುವ ಮುಖ್ಯ ಶಬ್ದಗಳು ಮೂರು: ಬೌಂಡರಿ, ಬಾರ್ಡರು, ಫ್ರಾಂಟಿಯರು. ‘ಬೌಂಡರಿ’ ಎಂಬುದು ಗೆರೆ. ಅದಕ್ಕೆ ಉದ್ದವುಂಟು, ಅಗಲವಿಲ್ಲ. ಅದರ ಮೇಲೆ ಯಾರೂ ಮನೆ ಕಟ್ಟಲಾರರು. ಅಣ್ಣತಮ್ಮಂದಿರ ಹೊಲಗಳ ನಡುವೆಯೂ ಅದಿರುತ್ತದೆ. ಅದಿದ್ದ ಮಾತ್ರಕ್ಕೆ ಅಣ್ಣತಮ್ಮಂದಿರು ವೈರಿಗಳಾಗುವುದಿಲ್ಲ. ಇಂದಿನ ಹುಡುಗರಿಗಂತೂ ಬೌಂಡರಿಯೆಂದರೆ ಚೆಂಡು ದಾಟಿದೊಡನೆ ನಾಲ್ಕು ಓಟ ದೊರಕಿಸುವ ಗೆರೆ! ‘ಬಾರ್ಡರು’ ಎಂಬುದು ಅಂಚು. ಫ್ರೆಂಚರ ಹಳೆಯ ನುಡಿಯಿಂದ ಇಂಗ್ಲಿಷಿಗೆ ಬಂದ ಈ ಶಬ್ದವನ್ನು ಬಟ್ಟೆಯ ಅಂಚಿಗೂ ಹೇಳುವರು, ನಾಡಿನ ಅಂಚಿಗೂ ಹೇಳುವರು. ಅಂಚಿಗೆ ಅಗಲವುಂಟು, ಅಲ್ಲಿ ಊರುಗಳಿರುತ್ತವೆ, ಸಂತೆಗಳಿರುತ್ತವೆ, ಎರಡು ನುಡಿಗಳನ್ನಾಡುವ ಮಕ್ಕಳಿರುತ್ತಾರೆ. ಇಂಗ್ಲೆಂಡು ಸ್ಕಾಟ್ಲೆಂಡುಗಳು ಕೂಡುವಲ್ಲಿಯ ನಾಡಿಗೆ ಅವರು ಕೊಟ್ಟ ಹೆಸರು ಇದೇ. ಇನ್ನು ‘ಫ್ರಾಂಟಿಯರು’. ಇದರ ಮೂಲವು ಲ್ಯಾಟಿನ್ ಭಾಷೆಯಲ್ಲಿ ಹಣೆಯನ್ನು ಹೇಳುವ ಶಬ್ದ. ರಾಜ್ಯವು ಪರರಾಜ್ಯದತ್ತ ಹಣೆಗೊಟ್ಟು ನಿಂತ ಮುಂಭಾಗವೇ ಫ್ರಾಂಟಿಯರು. ಅಲ್ಲಿ ಠಾಣ್ಯವುಂಟು, ತೋಪುಂಟು, ಸುಂಕದ ಕಟ್ಟೆಯುಂಟು.

ಬ್ರಿಟಿಷರು ಈ ಭೇದವನ್ನು ಎಂದೂ ಮರೆಯಲಿಲ್ಲ. ೧೮೯೩ರಲ್ಲಿ ಡ್ಯೂರಾಂಡನು ಅಫಘಾನಿಸ್ತಾನದೊಡನೆ ಗೆರೆ ಗೊತ್ತುಪಡಿಸಿದಾಗಲೂ, ೧೯೦೧ರಲ್ಲಿ ಕರ್ಜನನು ಪೇಶಾವರದ ಕಡೆಗೆ ಪ್ರತ್ಯೇಕ ಪ್ರಾಂತವನ್ನು ರಚಿಸಿದಾಗಲೂ ‘ಫ್ರಾಂಟಿಯರು’ ಎಂಬ ಶಬ್ದವೇ ಮುಂದೆ ನಿಂತಿತು. ಅದೇ ಕರ್ಜನನು ೧೯೦೭ರಲ್ಲಿ ಆಕ್ಸಫರ್ಡಿನ ವಿದ್ಯಾಪೀಠದಲ್ಲಿ ಈ ಶಬ್ದವನ್ನೇ ಶಿರೋನಾಮವಾಗಿಟ್ಟು ಉಪನ್ಯಾಸ ಮಾಡಿದನು; ಯುದ್ಧ ಶಾಂತಿಗಳೆರಡೂ ಅದರ ಮೇಲೆ ತೂಗುತ್ತವೆಂಬುದೇ ಅವನ ಅಭಿಪ್ರಾಯವಾಗಿತ್ತು. ಹೆಸರು ಒಂದಾಗಿ ಫಲ ಬೇರೊಂದಾದ ಉದಾಹರಣೆಯೂ ನಮ್ಮೆದುರಿಗಿದೆ. ೧೯೪೭ರ ಜುಲೈ ತಿಂಗಳಲ್ಲಿ, ಹಿಂದೆಂದೂ ಹಿಂದುಸ್ತಾನವನ್ನು ಕಾಣದ ರ‍್ಯಾಡ್‌ಕ್ಲಿಫನು ಬಂದು ಪಂಜಾಬ ಬಂಗಾಲಗಳ ಮೇಲೆ ಗೆರೆಯೆಳೆದನು. ಅವನ ಮಂಡಲಿಯ ಹೆಸರಿನಲ್ಲಿದ್ದುದು ‘ಬೌಂಡರಿ’. ಆಗಸ್ಟ ೧೭ರಂದು ತೀರ್ಪು ಪ್ರಕಟವಾಗುವಷ್ಟರಲ್ಲಿ ಅದು ಫ್ರಾಂಟಿಯರಾಗಿತ್ತು. ರಕ್ತದ ಹೊಳೆಯೇ ಹರಿಯಿತು. ಬೌಂಡರಿಯು ಫ್ರಾಂಟಿಯರಾಗುವುದೆಂದರೇನೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ?

ಇನ್ನು ಸ್ವತಂತ್ರ ಭಾರತದ ಶಾಸನಗಳನ್ನು ನೋಡಿರಿ. ಸಂವಿಧಾನದ ೩ನೆಯ ಅನುಚ್ಛೇದವು ರಾಜ್ಯಗಳ ಎಲ್ಲೆಗಳನ್ನು ಮಾರ್ಪಡಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಅಲ್ಲಿ ಬಳಸಿದ ಶಬ್ದವು ‘ಬೌಂಡರಿ’ಯೇ. ೧೯೫೬ರ ರಾಜ್ಯಪುನರ್ವಿಂಗಡಣೆಯ ಶಾಸನವು ವಲಯ ಪರಿಷತ್ತುಗಳ ಕೆಲಸವನ್ನು ಹೇಳುವಾಗ ‘ಬಾರ್ಡರು’ ಎಂಬ ಶಬ್ದವನ್ನು ತಂದಿದೆ. ಯಾವುದರ ಜೊತೆಗೆಂಬುದನ್ನು ಗಮನಿಸಬೇಕು. ಎಲ್ಲೆಗಟ್ಟಿನ ವ್ಯಾಜ್ಯಗಳು, ಭಾಷಿಕ ಅಲ್ಪಸಂಖ್ಯಾತರು, ರಾಜ್ಯರಾಜ್ಯಗಳ ನಡುವಣ ಸಾರಿಗೆ ಈ ಮೂರನ್ನೂ ಒಂದೇ ಸಾಲಿನಲ್ಲಿ ಪೋಣಿಸಿದೆ. ಅಂದರೆ ಗೆರೆಯನ್ನು ಹೇಳುವಾಗ ಬೌಂಡರಿ, ಗೆರೆಯ ಬಳಿಯ ಜನರ ಬಾಳುವೆಯನ್ನು ಹೇಳುವಾಗ ಬಾರ್ಡರು. ಶಾಸನಕಾರರು ಶಬ್ದಗಳನ್ನು ತೂಗಿ ಇಟ್ಟರು. ಅವುಗಳನ್ನು ಅನುವಾದಿಸಿದ ನಾವು ಮಾತ್ರ ತಕ್ಕಡಿಯನ್ನೇ ಎಸೆದೆವು.

ಹಾಗಾದರೆ ಕನ್ನಡದಲ್ಲಿ ಶಬ್ದಗಳ ಬಡತನವಿದೆಯೇ? ಈ ಮಾತು ಹೇಳುವವನ ನಾಲಗೆಗೆ ಕನ್ನಡದ ರುಚಿಯೇ ಗೊತ್ತಿಲ್ಲವೆನ್ನಬೇಕು. ಎಲ್ಲೆ, ಮೇರೆ, ಗಡಿ, ಸೀಮೆ, ಅಂಚು, ಬದು, ಶಿವಾರ, ಸರಹದ್ದು! ಹೊಲದ ಒಕ್ಕಲಿಗನು ‘ಬದು’ ಎನ್ನುವನು. ಮೋಜಣಿದಾರನು ‘ಬಾಂದುಕಲ್ಲು’ ನೆಡುವನು. ಊರ ಹೊಲಗಳ ಮೊತ್ತಕ್ಕೆ ‘ಶಿವಾರ’ ಎಂಬ ಮಾತುಂಟು. ನೇಕಾರನು ಸೀರೆಯ ಅಂಚಿಗೆ ‘ದಡಿ’ ಎನ್ನುವನು. ನಮ್ಮ ಪ್ರಾಚೀನ ದಾನಶಾಸನಗಳಲ್ಲಿ ಕೊಟ್ಟ ಭೂಮಿಯ ಚತುಸ್ಸೀಮೆಯನ್ನು ಮೂಡಣ, ತೆಂಕಣ, ಪಡುವಣ, ಬಡಗಣ ದಿಕ್ಕುಗಳಿಂದ ಹೇಳಿ, ಎಲ್ಲಿ ಕಲ್ಲಿದೆ, ಎಲ್ಲಿ ಮರವಿದೆ, ಎಲ್ಲಿ ಕೆರೆಯಿದೆ ಎಂದು ಗುರುತಿಸಿರುವುದನ್ನು ಶಾಸನ ಓದಿದವರೆಲ್ಲರೂ ಬಲ್ಲರು. ಎಲ್ಲೆಯನ್ನು ನಿರ್ಣಯಿಸುವುದು, ಎಲ್ಲೆಗೆ ಗುರುತು ನೆಡುವುದು ಎಂಬ ಎರಡು ಕ್ರಿಯೆಗಳನ್ನು ಬೇರೆಬೇರೆಯಾಗಿ ತಿಳಿಯಬೇಕೆಂದು ಮ್ಯಾಕ್‌ಮಹೊನನಂಥ ಬ್ರಿಟಿಷ್ ಅಧಿಕಾರಿಗಳು ಈ ಶತಮಾನಕ್ಕೆ ಹಿಂದಿನ ಶತಮಾನದಲ್ಲಿ ವಿವರಿಸಿದರು. ನಮ್ಮ ಶಾಸನ ಬರೆದ ಸೇನಬೋವನಿಗೆ ಅದು ಸಾವಿರ ವರುಷಗಳ ಹಿಂದೆಯೇ ನಿತ್ಯದ ಕೆಲಸವಾಗಿತ್ತು.

‘ಸೀಮೆ’ ಎಂಬ ಶಬ್ದದ ಚರಿತ್ರೆಯು ಇನ್ನೂ ಬೋಧಪ್ರದವಾಗಿದೆ. ಸಂಸ್ಕೃತದಲ್ಲಿ ಎಲ್ಲೆಯನ್ನು ಹೇಳುತ್ತಿದ್ದ ಮಾತು ಕನ್ನಡಕ್ಕೆ ಬಂದ ಮೇಲೆ ಎಲ್ಲೆಯೊಳಗಿನ ನಾಡನ್ನೇ ಹೇಳತೊಡಗಿತು. ಬಯಲುಸೀಮೆಯೆಂದರೆ ಗೆರೆಯಲ್ಲ, ಜನಜಾನುವಾರು ತುಂಬಿದ ನಾಡು. ಕನ್ನಡಿಗನ ಬುದ್ಧಿಗೆ ಎಲ್ಲೆಗಿಂತ ಎಲ್ಲೆಯೊಳಗಿನ ಬಾಳು ದೊಡ್ಡದಾಗಿ ಕಂಡಿತೆಂಬುದಕ್ಕೆ ಇದೊಂದು ಶಬ್ದವೇ ಸಾಕು. ವಿಜಯದಶಮಿಯಂದು ನಮ್ಮ ಊರುಗಳಲ್ಲಿ ಸೀಮೋಲ್ಲಂಘನ ಮಾಡಿ, ಊರ ಎಲ್ಲೆಯನ್ನು ದಾಟಿ, ಬನ್ನಿಯ ಮರಕ್ಕೆ ಹೋಗಿ, ಬನ್ನಿಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತೇವೆ. ಒಂದು ಕಾಲಕ್ಕೆ ಅರಸರು ದಂಡೆತ್ತಿ ಹೊರಡುತ್ತಿದ್ದ ದಿನವದು. ಜನಪದವು ಆ ದಂಡಯಾತ್ರೆಯನ್ನೇ ಸ್ನೇಹದ ಹಬ್ಬವನ್ನಾಗಿ ಮಾರ್ಪಡಿಸಿಕೊಂಡಿತು. ಸರಹದ್ದನ್ನು ಎಲ್ಲೆಯನ್ನಾಗಿ ಪಳಗಿಸುವ ವಿದ್ಯೆಯು ನಮ್ಮ ಹಳ್ಳಿಗರಿಗೆ ಗೊತ್ತಿದೆ, ಕಲಿಯಬೇಕಾದವರು ಪಟ್ಟಣದವರು.

ಇಷ್ಟು ಸಂಪತ್ತಿದ್ದೂ ನಾವು ಮಾಡಿದ್ದೇನು? ಪೇಶಾವರದ ಖಾನ ಅಬ್ದುಲ ಗಫಾರಖಾನರನ್ನು ‘ಗಡಿನಾಡ ಗಾಂಧಿ’ ಎಂದೆವು. ಕಾಸರಗೋಡನ್ನೂ ‘ಗಡಿನಾಡು’ ಎಂದೆವು. ಆಳಂದವನ್ನೂ ‘ಗಡಿ ತಾಲೂಕು’ ಎಂದೆವು. ಖೈಬರ ಕಣಿವೆಯೂ ಚಂದ್ರಗಿರಿ ಹೊಳೆಯೂ ಅಮರಜೆಯ ದಂಡೆಯೂ ಒಂದೇ ಶಬ್ದದಲ್ಲಿ ಅಡಗಿಹೋದವು! ಮೊದಲನೆಯದು ಫ್ರಾಂಟಿಯರು. ಉಳಿದೆರಡು ಒಂದೇ ದೇಶದ ಮನೆಯೊಳಗಣ ಕೋಣೆಗಳ ಹೊಸ್ತಿಲುಗಳು. ಹೊಸ್ತಿಲಿಗೆ ಪೂಜೆ ಸಲ್ಲಬೇಕು. ಅಲ್ಲಿ ತೋಪು ನಿಲ್ಲಿಸುವುದು ಹುಚ್ಚುತನ.

ಇನ್ನು ನಮ್ಮ ಮೂರು ತಾಲೂಕುಗಳ ಕಥೆಗೆ ಬರೋಣ. ೧೯೪೮ರ ಸಪ್ಟಂಬರದವರೆಗೂ ಇವು ಮೂರೂ ನಿಜಾಮನ ಸಂಸ್ಥಾನಕ್ಕೆ ಸೇರಿದ್ದವು. ಅಫಜಲಪುರಕ್ಕೆ ಎದುರಾಗಿ ಭೀಮೆಯ ಆಚೆಯ ದಂಡೆಯ ಇಂಡಿ, ಸಿಂದಗಿಗಳು ಮುಂಬಯಿ ಇಲಾಖೆಗೆ ಸೇರಿದ್ದವು. ಹೊಳೆಯ ಈ ದಂಡೆಯಲ್ಲಿ ಹಾಲಿ ಶಿಕ್ಕೆಯ ರೂಪಾಯಿ, ಆ ದಂಡೆಯಲ್ಲಿ ಕಲದಾರ ರೂಪಾಯಿ. ಕೊನೆಯ ಕಾಲದಲ್ಲಿ ಏಳು ಹಾಲಿಗೆ ಆರು ಕಲದಾರವೆಂಬುದು ಸುಮಾರು ಲೆಕ್ಕ. ಈ ದಂಡೆಯಲ್ಲಿ ಕರೋಡಗಿರಿಯ ನಾಕೆ. ಸರಕಿಗೆ ಸುಂಕ ತೆತ್ತು ದಾಟಬೇಕು. ಈ ದಂಡೆಯ ಕಚೇರಿಯಲ್ಲಿ ಮೊದಲು ಫಾರಸಿ, ೧೮೮೪ರಿಂದ ಉರ್ದು. ಆ ದಂಡೆಯ ಕಚೇರಿಯಲ್ಲಿ ಇಂಗ್ಲಿಷು. ವಿಜಾಪುರ ಧಾರವಾಡಗಳ ಕನ್ನಡಿಗರು ಇತ್ತಣ ನಾಡನ್ನು ‘ಮೊಗಲಾಯಿ’ ಎಂದು ಪರದೇಶವೆಂಬಂತೆ ಕರೆಯುತ್ತಿದ್ದರು. ಎರಡೂ ದಂಡೆಗಳಲ್ಲಿ ಬೀಜ ಬಿತ್ತುವ ಕೂರಿಗೆ ಒಂದೇ, ತಟ್ಟುವ ಜೋಳದ ರೊಟ್ಟಿ ಒಂದೇ, ಮಗುವನ್ನು ಮಲಗಿಸುವ ಜೋಗುಳದ ನುಡಿ ಒಂದೇ. ಆದರೂ ನಡುವೆ ಸರಹದ್ದು!

ಇದಕ್ಕೆ ಸಮಾಧಾನವಾಗಿ ಆಗಿನ ಭೂಗೋಳದ ಪಂಡಿತರು, ನದಿಯು ಸ್ವಾಭಾವಿಕವಾದ ಸರಹದ್ದೆಂದು ಹೇಳುತ್ತಿದ್ದರು. ಆ ಮಾತು ನಿಜವೋ ಸುಳ್ಳೋ ಎಂಬುದನ್ನು ಅದೇ ಭೀಮೆಯನ್ನು ಕೇಳಿರಿ. ಅಫಜಲಪುರವನ್ನು ದಾಟಿ ಅದೇ ಹೊಳೆಯು ಕೆಳಗೆ ಬಂದು, ಕಲಬುರ್ಗಿಯನ್ನು ಬಡಗಲಿಗೂ ಜೇವರ್ಗಿಯನ್ನು ತೆಂಕಲಿಗೂ ಇಟ್ಟು ಹರಿಯುತ್ತದೆ. ಅಲ್ಲಿ ಅದೇ ನೀರು, ಅದೇ ಹರಿವು, ಅದೇ ಮಡುವು. ಆದರೆ ನಿಜಾಮನ ಕಾಲದಲ್ಲಿಯೂ ಅಲ್ಲಿ ನಾಕೆಯಿರಲಿಲ್ಲ, ಏಕೆಂದರೆ ಎರಡೂ ದಂಡೆಗಳು ನಿಜಾಮನವೇ ಆಗಿದ್ದವು! ಅತ್ತ ಜೇವರ್ಗಿಗೂ ಸಿಂದಗಿಗೂ ನಡುವೆ ಭೀಮೆಯಂಥ ಹೊಳೆಯಿಲ್ಲ. ಎರೆಹೊಲಕ್ಕೆ ಎರೆಹೊಲ ತಗುಲಿದೆ. ಅಲ್ಲಿ ಮಾತ್ರ ಸರಹದ್ದಿತ್ತು. ಹೊಳೆಯಿದ್ದಲ್ಲಿ ಸರಹದ್ದಿಲ್ಲ, ಸರಹದ್ದಿದ್ದಲ್ಲಿ ಹೊಳೆಯಿಲ್ಲ! ಆದುದರಿಂದ ಸ್ವಾಭಾವಿಕ ಸರಹದ್ದೆಂಬ ಮಾತು ಇಲ್ಲಿ ನಿಸರ್ಗದ ಮೇಲೆ ಹೊರಿಸಿದ ಅಪವಾದವು. ಹೊಳೆಯು ತಾನಾಗಿ ಯಾರನ್ನೂ ಅಗಲಿಸಲಿಲ್ಲ. ಸಂಧಿಪತ್ರಗಳಿಗೆ ಸಹಿ ಹಾಕಿದವರು ಅಗಲಿಸಿದರು.

ಆ ಸರಹದ್ದನ್ನು ಕನ್ನಡವು ದಾಟುತ್ತಲೇ ಇತ್ತೆಂಬುದನ್ನು ಮರೆಯಬಾರದು. ಹದಿನೇಳನೆಯ ಶತಮಾನದ ಜೇವರ್ಗಿಯ ಷಣ್ಮುಖಸ್ವಾಮಿಗಳ ವಚನಗಳನ್ನು ಕನ್ನಡನಾಡೆಲ್ಲವೂ ತನ್ನವೆಂದು ಓದಿತು. ಅವರ ಅಂಕಿತವೇ ‘ಅಖಂಡೇಶ್ವರ’. ೧೯೨೮ರಲ್ಲಿ ನಿಜಾಮನ ಆಳಿಕೆಯಲ್ಲಿಯೇ ಕಲಬುರ್ಗಿಯಲ್ಲಿ ಸಾಹಿತ್ಯ ಸಮ್ಮೇಲನವು ಕೂಡಿದಾಗ ಮೈಸೂರಿನ ಬಿ. ಎಂ. ಶ್ರೀಕಂಠಯ್ಯನವರು ಅಧ್ಯಕ್ಷಪೀಠದಲ್ಲಿದ್ದರು. ೧೯೪೭–೪೮ರ ಸಂಕಟದಲ್ಲಿ ಮುಂಡರಗಿ, ಗಜೇಂದ್ರಗಡ ಮೊದಲಾದೆಡೆಗಳಲ್ಲಿ ಶಿಬಿರಗಳನ್ನು ಹೂಡಿ ಹೋರಾಡಿದವರು ಯಾವ ಗೆರೆಯನ್ನೂ ತಮ್ಮ ನಾಡಿನ ಕೊನೆಯೆಂದು ಒಪ್ಪಿಕೊಂಡವರಲ್ಲ. ೧೯೪೮ರ ಸಪ್ಟಂಬರದ ಪೋಲೀಸ ಕಾರ್ಯಾಚರಣೆಯಿಂದ ನಿಜಾಮನ ಆಳಿಕೆ ಮುಗಿಯಿತು. ೧೯೫೬ರ ನವಂಬರ ೧ರಂದು ವಿಜಾಪುರವೂ ಕಲಬುರ್ಗಿಯೂ ಒಂದೇ ರಾಜ್ಯವಾದವು. ಅಂದಿನಿಂದ ಅಫಜಲಪುರಕ್ಕೂ ಇಂಡಿಗೂ ನಡುವೆ ಉಳಿದದ್ದು ಜಿಲ್ಲೆಯ ಎಲ್ಲೆ ಮಾತ್ರ. ನಾಣ್ಯ, ಸುಂಕ, ರಾಜಭಾಷೆಗಳನ್ನು ಬೇರ್ಪಡಿಸುತ್ತಿದ್ದ ಸರಹದ್ದು ಇಂದು ತಹಸೀಲದಾರರ ಕಚೇರಿಯ ನಕಾಶೆಯ ಗೆರೆಯಾಗಿದೆ. ಸರಹದ್ದು ಎಲ್ಲೆಯಾಗಬಲ್ಲದೆಂಬುದಕ್ಕೆ ಕನ್ನಡನಾಡಿನಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಆದರೆ ಕಣ್ಣನ್ನು ಬಡಗಲಿಗೆ ತಿರುಗಿಸಿದರೆ ಚಿತ್ರವು ಬೇರೆಯಾಗುತ್ತದೆ. ಆಳಂದ, ಅಫಜಲಪುರಗಳಿಗೆ ಹತ್ತಿದ ಅಕ್ಕಲಕೋಟೆಯು ಆಗ ಭೋಸಲೆಯವರ ಸಂಸ್ಥಾನವಾಗಿತ್ತು. ಅದು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೬೦ರ ಮೇ ೧ರಂದು ಮಹಾರಾಷ್ಟ್ರಕ್ಕೆ ಬಂದಿತು. ಆಳಂದವು ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಹೀಗೆ ನಿಜಾಮನೂ ಭೋಸಲೆಯರೂ ಒಂದು ಕಾಲಕ್ಕೆ ತಮ್ಮ ತಮ್ಮ ಆಳಿಕೆಗೆ ಹಾಕಿಕೊಂಡಿದ್ದ ಗೆರೆಯೇ, ಜನರ ನುಡಿಯನ್ನು ವಿಚಾರಿಸದೆ, ಎರಡು ಭಾಷಾರಾಜ್ಯಗಳ ಎಲ್ಲೆಯೆಂಬ ಹೊಸ ಅಂಗಿಯನ್ನು ತೊಟ್ಟುಕೊಂಡು ನಿಂತಿತು! ೧೯೬೬ರಲ್ಲಿ ನೇಮಕವಾಗಿ ೧೯೬೭ರಲ್ಲಿ ವರದಿಯಿತ್ತ ಮಹಾಜನ ಆಯೋಗವು ಅಕ್ಕಲಕೋಟೆಯು ಮೈಸೂರಿಗೆ ಸೇರಬೇಕೆಂದು ಹೇಳಿತು. ವರದಿಯು ಜಾರಿಗೆ ಬರಲಿಲ್ಲ. ೨೦೦೪ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ಅದು ಎರಡು ದಶಕಗಳನ್ನು ದಾಟಿತು.

ಇಂಥ ಎಲ್ಲೆಯ ಬಳಿಯ ಜನರನ್ನು ‘ಬಾರ್ಡರಿನವರು’ ಎಂದು ಕರೆದು ನಾವು ಕೊಟ್ಟದ್ದೇನು? ಎರಡು ಬಗೆಯ ಅನ್ಯಾಯ.

ಮೊದಲನೆಯದು, ಎಲ್ಲೆಯನ್ನು ಸರಹದ್ದೆಂದು ತಿಳಿದು ನಡೆಯುವ ಅನ್ಯಾಯ. ೨೦೨೨ರ ಚಳಿಗಾಲದಲ್ಲಿ ಏನಾಯಿತೆಂಬುದನ್ನು ಸ್ಮರಿಸಿರಿ. ಎರಡೂ ರಾಜ್ಯಗಳ ವಿಧಾನಸಭೆಗಳು ಒಂದರ ಬೆನ್ನಿಗೊಂದು ಗೊತ್ತುವಳಿ ಮಾಡಿದವು. ಮಹಾರಾಷ್ಟ್ರದ ಗೊತ್ತುವಳಿಯು ಬೆಳಗಾವಿ, ಕಾರವಾರ, ನಿಪ್ಪಾಣಿ, ಬೀದರ, ಭಾಲ್ಕಿಗಳನ್ನೊಳಗೊಂಡು ೮೬೫ ಹಳ್ಳಿಗಳನ್ನು ಕೇಳಿತು. ಎರಡೂ ಕಡೆಗಳಲ್ಲಿ ‘ಒಂದಂಗುಲ ನೆಲ’ ಎಂಬ ಮಾತು ಮೊಳಗಿತು. ಅಂಗುಲದ ಲೆಕ್ಕವು ರಣರಂಗದ ಲೆಕ್ಕವು. ಒ೦ದೇ ದೇಶದ ಎರಡು ರಾಜ್ಯಗಳು ಆಡತಕ್ಕ ಮಾತಲ್ಲ. ಬಸ್ಸುಗಳು ನಿಂತವು, ವಾಹನಗಳಿಗೆ ಮಸಿ ಬಳಿಯಲಾಯಿತು. ಮಸಿ ಬಳಿದವರಲ್ಲಿ ಅತ್ತಣವರೂ ಇದ್ದರು, ಇತ್ತಣವರೂ ಇದ್ದರು. ಇತ್ತಣವರು ನಮ್ಮವರೆಂಬ ಕಾರಣಕ್ಕೆ ಅವರ ಕೃತ್ಯವನ್ನು ನಾವು ಹೊಗಳಲಾರೆವು. ಮಸಿ ಹತ್ತಿದ ಬಸ್ಸಿನಲ್ಲಿ ಕುಳಿತವನು ಸೊಲ್ಲಾಪುರದ ಆಸ್ಪತ್ರೆಗೆ ಹೊರಟ ಆಳಂದದ ರೋಗಿಯಿರಬಹುದು. ಗಾಣಗಾಪುರದ ದತ್ತಪಾದುಕೆಗಳಿಗೆ ಹೊರಟ ಮರಾಠಿ ಮುದುಕಿಯಿರಬಹುದು. ಅಫಜಲಪುರ ತಾಲೂಕಿನ ಆ ಕ್ಷೇತ್ರವನ್ನು ಮರಾಠಿಯ ಗುರುಚರಿತ್ರವು ಮಹಾರಾಷ್ಟ್ರದ ಮನೆಮನೆಗೆ ಮುಟ್ಟಿಸಿದೆ. ಆಳಂದದ ಲಾಡ್ಲೆ ಮಶಾಯಖರ ದರ್ಗೆಗೂ, ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಮಠಕ್ಕೂ ಎರಡೂ ನುಡಿಗಳ ಜನ ನಡೆಯುತ್ತಾರೆ. ಇವರಲ್ಲಿ ಯಾರು ಪರದೇಶಿಗಳು? ಭಾರತದ ನಾಗರಿಕನು ಎಲ್ಲಿಯಾದರೂ ಸಂಚರಿಸಬಹುದು, ಎಲ್ಲಿಯಾದರೂ ನೆಲಸಬಹುದು ಎಂದು ಸಂವಿಧಾನದ ೧೯ನೆಯ ಅನುಚ್ಛೇದವು ಹೇಳಿದ ಮೇಲೆ ಈ ಗೆರೆಯನ್ನು ಸರಹದ್ದೆನ್ನಲು ಯಾರಿಗೆ ಅಧಿಕಾರವುಂಟು?

ಭೀಮೆಯ ನೀರಿನ ಮಾತೂ ಇಲ್ಲಿಯೇ ಬರುತ್ತದೆ. ೨೦೨೦ರ ಅಕ್ಟೋಬರದಲ್ಲಿ ಮೇಲಣ ಸೀಮೆಯಲ್ಲಿ ಅತಿವೃಷ್ಟಿಯಾಗಿ, ಸೊಲ್ಲಾಪುರ ಜಿಲ್ಲೆಯ ಉಜನಿಯ ಜಲಾಶಯದಿಂದ ನೀರು ಬಿಟ್ಟಾಗ, ಅಫಜಲಪುರ ಜೇವರ್ಗಿಗಳ ದಂಡೆಯ ಊರುಗಳು ಮುಳುಗಿದವು. ಬೇಸಗೆ ಬಂತೆಂದರೆ ಅದೇ ಉಜನಿಯಿಂದ ನೀರು ಬಿಡಿರೆಂದು ಕೇಳಬೇಕಾಗುತ್ತದೆ. ಮಳೆಗಾಲದಲ್ಲಿ ಮುನ್ಸೂಚನೆ, ಬೇಸಗೆಯಲ್ಲಿ ನೀರು, ಇವೆರಡೂ ಆಚೆಯವರ ಸೌಹಾರ್ದದಿಂದ ದೊರೆಯತಕ್ಕವು. ಹಗಲಿಗೆ ಮಸಿ ಬಳಿದು ಇರುಳಿಗೆ ನೀರು ಬೇಡುವುದು ಯಾವ ನೀತಿ? ಬೆಂಗಳೂರಿನ ವೇದಿಕೆಯ ಮೇಲೆ ಗರ್ಜಿಸಿದವನ ಮನೆಗೆ ಭೀಮೆಯ ನೀರು ನುಗ್ಗುವುದಿಲ್ಲ. ಗರ್ಜನೆಯ ಬೆಲೆಯನ್ನು ತೆರುವವನು ದಂಡೆಯ ಮೇಲಣ ಒಕ್ಕಲಿಗನು.

ಎರಡನೆಯದು, ಅಂಚೆಂದು ತಿಳಿದು ಮರೆಯುವ ಅನ್ಯಾಯ. ‘ಬಾರ್ಡರ್ ಏರಿಯಾ’ ಎಂದೊಡನೆ ಕೇಳುವವನ ಮನಸ್ಸಿನಲ್ಲಿ ದೂರ, ಕೊನೆ, ಹಿಂದುಳಿದದ್ದು ಎಂಬ ಭಾವನೆಗಳೇ ಮೂಡುತ್ತವೆ. ಬೆಂಗಳೂರಿನಲ್ಲಿ ಕುಳಿತವನಿಗೆ ಆಳಂದವು ಅಂಚು. ಆಳಂದದವನಿಗೆ ಆಳಂದವೇ ನಡುವಣ ಊರು! ಚರಿತ್ರೆಯನ್ನು ನೋಡಿದರೂ ಈ ಸೀಮೆಯು ಕನ್ನಡದ ಅಂಚಾಗಿರಲಿಲ್ಲ. ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡಿನ ಹರಹನ್ನು ಹೇಳಿದ ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿಯಾದ ಮಳಖೇಡವು ಇದೇ ಕಲಬುರ್ಗಿ ಜಿಲ್ಲೆಯಲ್ಲಿತ್ತು. ರಾಜಧಾನಿಯಿದ್ದ ನಾಡು ಇಂದು ಬಾರ್ಡರು! ಈ ಸೀಮೆಯ ಹಿನ್ನಡೆಯನ್ನು ಸಂಸತ್ತೇ ಒಪ್ಪಿಕೊಂಡು ೩೭೧–ಜೆ ಎಂಬ ವಿಶೇಷ ಅನುಚ್ಛೇದವನ್ನು ಸೇರಿಸಬೇಕಾಯಿತು. ಆ ತಿದ್ದುಪಡಿಗೆ ಸಂಸತ್ತಿನ ಒಪ್ಪಿಗೆ ದೊರೆತುದು ೨೦೧೨ರಲ್ಲಿ. ರಾಜ್ಯಸರಕಾರವು ೨೦೧೦ರಲ್ಲಿ ಗಡಿಪ್ರದೇಶಗಳ ಅಭಿವೃದ್ಧಿಗೆಂದು ಒಂದು ಪ್ರಾಧಿಕಾರವನ್ನು ಶಾಸನದಿಂದ ನಿರ್ಮಿಸಿತು. ೨೦೦೯ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲೂಕಿನ ಕಡಗಂಚಿಯಲ್ಲಿದೆ. ಇವು ಸಂತೋಷದ ಸಂಗತಿಗಳು. ಆದರೆ ಏಕೀಕರಣವಾಗಿ ಐವತ್ತು ವರುಷಗಳು ಕಳೆದ ಮೇಲೆ ಇವು ಬಂದವೆಂಬುದನ್ನು ಲಕ್ಷ್ಯದಲ್ಲಿಡಬೇಕು.

ಅಂಚೆಂದೇ ಕರೆಯುವುದಾದರೆ ಇಳಕಲ್ಲಿನ ನೇಕಾರನು ಕರೆದಂತೆ ಕರೆಯಿರಿ. ಅವನು ದಡಿಯನ್ನು ಒಡಲಿಗಿಂತ ಬಿಗಿಯಾಗಿ ನೇಯುತ್ತಾನೆ, ಹೆಚ್ಚಿನ ಬಣ್ಣವನ್ನು ಅಲ್ಲಿಯೇ ತೊಡಿಸುತ್ತಾನೆ. ಸೀರೆಯು ಹಿಂಜುವುದಾದರೆ ಮೊದಲು ಹಿಂಜುವುದು ಅಂಚಿನಲ್ಲಿ. ಅದು ಗಟ್ಟಿಯಿದ್ದರೆ ಒಡಲೂ ಉಳಿಯಿತು. ಸರಕಾರವು ಆಳಂದ ಅಫಜಲಪುರಗಳ ಶಾಲೆ, ದವಾಖಾನೆ, ದಾರಿಗಳನ್ನು ರಾಜಧಾನಿಯ ಸುತ್ತಣವುಗಳಿಗಿಂತ ಬಿಗಿಯಾಗಿ ನೇಯಲಿ. ಆಗ ‘ಬಾರ್ಡರು’ ಎಂಬ ಹೆಸರು ಮರ್ಯಾದೆಯ ಹೆಸರಾದೀತು.

ಇಲ್ಲಿ ಒಂದು ಆಕ್ಷೇಪಣೆಯು ಬರುವುದೆಂಬುದನ್ನು ನಾವು ಬಲ್ಲೆವು. ‘ನೀವು ಎಲ್ಲೆಯನ್ನು ಬರಿಯ ಗೆರೆಯೆಂದು ಹಗುರಮಾಡಿದರೆ ಅಕ್ಕಲಕೋಟೆಯ ಬೇಡಿಕೆಯನ್ನು ಬಿಟ್ಟುಕೊಟ್ಟಂತಾಗಲಿಲ್ಲವೇ? ಸಿದ್ಧರಾಮನ ಸೊನ್ನಲಿಗೆಯಾದ ಸೊಲ್ಲಾಪುರವನ್ನು, ಜಯದೇವಿತಾಯಿ ಲಿಗಾಡೆಯವರಂಥವರು ಕನ್ನಡದ ದೀಪ ಹಿಡಿದ ಆ ನೆಲವನ್ನು ಮರೆತಂತಾಗಲಿಲ್ಲವೇ?’ ಎಂದು ಕೆಲವರು ಕೇಳುವರು. ನಮ್ಮ ಉತ್ತರವು ಸ್ಪಷ್ಟವಾಗಿದೆ. ಮರೆಯುವ ಮಾತೇ ಇಲ್ಲ. ಬೇಡಿಕೆಯನ್ನು ಉಳಿಸಿಕೊಳ್ಳಲೆಂದೇ ಈ ಶಬ್ದಶುದ್ಧಿಯು ಬೇಕು. ಸರಹದ್ದು ಕದಲುವುದು ಯುದ್ಧದಿಂದ. ಎಲ್ಲೆಯು ಕದಲುವುದು ಶಾಸನದಿಂದ. ಸಂವಿಧಾನದ ೩ನೆಯ ಅನುಚ್ಛೇದವು ಎಲ್ಲೆಯನ್ನು ಮಾರ್ಪಡಿಸಬಹುದೆಂದಿದೆ. ಎಲ್ಲೆಯೆಂದು ಕರೆದಾಗ ನಮ್ಮ ಬೇಡಿಕೆಯು ನ್ಯಾಯದ ಬೇಡಿಕೆಯಾಗಿ, ಲೆಕ್ಕ ತೋರಿಸಿ ವಾದಿಸತಕ್ಕುದಾಗಿ ನಿಲ್ಲುತ್ತದೆ. ಸರಹದ್ದೆಂದು ಕರೆದೊಡನೆ ಅದೇ ಬೇಡಿಕೆಯು ಆಕ್ರಮಣವಾಗಿ ತೋರುತ್ತದೆ. ಎದುರಿನವನು ನೆಲಕ್ಕೆ ಕಚ್ಚಿಕೊಳ್ಳುತ್ತಾನೆ. ನಮ್ಮ ನ್ಯಾಯವು ನಮ್ಮ ಕೂಗಿನಲ್ಲಿಯೇ ಮುಳುಗುತ್ತದೆ. ಹೀಗಿರುವಲ್ಲಿ ಬೇಡಿಕೆಗೆ ದ್ರೋಹ ಬಗೆಯುವವರು ಯಾರೆಂಬುದನ್ನು ವಾಚಕರೇ ನಿರ್ಣಯಿಸಲಿ.

ನಮ್ಮವರಿಗೂ ಒಂದು ಕಟುಮಾತನ್ನು ಹೇಳದೆ ವಿಧಿಯಿಲ್ಲ. ಮಹಾಜನ ವರದಿಯೇ ಅಂತಿಮವೆಂದು ಸಾರುವವರು ಅದರ ಎರಡೂ ಪುಟಗಳನ್ನು ಓದಬೇಕು. ಆ ಆಯೋಗವು ೨೪೭ ಹಳ್ಳಿಗಳನ್ನು ನಮ್ಮ ಕಡೆಗೆ ಹೇಳಿತು. ೨೬೪ ಹಳ್ಳಿಗಳನ್ನು ಮಹಾರಾಷ್ಟ್ರದ ಕಡೆಗೆ ಹೇಳಿತು. ಅಕ್ಕಲಕೋಟೆ ಬೇಕು, ಆದರೆ ಕೊಡುವ ಪಟ್ಟಿ ಬೇಡವೆಂಬುದು ನ್ಯಾಯದ ಮಾತಾಗದು. ತಕ್ಕಡಿಯ ಒಂದೇ ತಟ್ಟೆಯನ್ನು ಹಿಡಿದುಕೊಂಡು ತೂಕ ಸರಿಯಿದೆಯೆನ್ನುವ ವ್ಯಾಪಾರಿಯನ್ನು ಯಾರು ನಂಬುವರು?

ಎಲ್ಲೆಯನ್ನು ಎಲ್ಲಿ ಹಾಕಿದರೂ ಆಚೆ ಕೆಲವರು, ಈಚೆ ಕೆಲವರು ಉಳಿದೇ ಉಳಿಯುವರು. ಇದನ್ನು ಶಾಸನಕರ್ತರೂ ಬಲ್ಲವರಾಗಿದ್ದರು. ಆದುದರಿಂದಲೇ ರಾಜ್ಯಗಳನ್ನು ಪುನರ್ವಿಂಗಡಿಸಿದ ಅದೇ ೧೯೫೬ರಲ್ಲಿ, ಸಂವಿಧಾನಕ್ಕೆ ಏಳನೆಯ ತಿದ್ದುಪಡಿಯನ್ನು ಮಾಡಿ, ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಬೇಕೆಂಬ ೩೫೦–ಎ ಅನುಚ್ಛೇದವನ್ನು ಸೇರಿಸಿದರು. ಎಲ್ಲೆಯನ್ನು ಹಾಕಿದ ಕೈಯೇ ಎಲ್ಲೆಯಿಂದಾಗುವ ಗಾಯಕ್ಕೆ ಮದ್ದನ್ನೂ ಇಟ್ಟಿತು. ಅಕ್ಕಲಕೋಟೆಯ ಕನ್ನಡ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರೂ ಪಠ್ಯಪುಸ್ತಕಗಳೂ ದೊರೆಯಬೇಕೆಂದು ನಾವು ಹಕ್ಕಿನಿಂದ ಕೇಳುವೆವು. ಕೇಳುವಾಗ ಆಳಂದದ ಮರಾಠಿ ಮಗುವಿನ ಶಾಲೆಯನ್ನು ನಾವು ಅಷ್ಟೇ ನಿಷ್ಠೆಯಿಂದ ನಡೆಸಿ ತೋರಿಸಬೇಕು. ಅತ್ತಣ ಕನ್ನಡ ಮಗುವಿಗೆ ನಾವು ಕಟ್ಟಬಹುದಾದ ಅತ್ಯಂತ ಗಟ್ಟಿಯಾದ ರಕ್ಷೆಯು ಇತ್ತಣ ಮರಾಠಿ ಮಗುವಿಗೆ ನಾವು ತೋರುವ ನ್ಯಾಯವೇ.

ಆದುದರಿಂದ ನಮ್ಮ ಸೂಚನೆಗಳು ಇವು. ರಾಜ್ಯರಾಜ್ಯಗಳ ನಡುವಣ ಗೆರೆಗೆ ‘ಎಲ್ಲೆ’ ಎಂಬ ಶಬ್ದವನ್ನೇ ಬಳಸೋಣ. ಎಲ್ಲೆಯ ಮಗ್ಗುಲಿನ ಜನವಸತಿಗೆ ‘ಎಲ್ಲೆಸೀಮೆ’ ಎನ್ನೋಣ. ‘ಗಡಿನಾಡು’ ಎಂಬ ರೂಢಿಯು ಬಿಡದಿದ್ದರೆ ಅದೂ ಇರಲಿ, ಆದರೆ ಅದರಲ್ಲಿ ‘ನಾಡು’ ಎಂಬ ಭಾಗಕ್ಕೆ ಒತ್ತು ಬೀಳಲಿ. ‘ಸರಹದ್ದು’ ಎಂಬುದನ್ನು ದೇಶದ ಹೊರಮೇರೆಗೆ, ಸೈನಿಕನು ಕಾಯುವ ಹಿಮಾಲಯದ ಶಿಖರಗಳಿಗೆ ಮೀಸಲಾಗಿಡೋಣ. ನಮ್ಮ ಪತ್ರಿಕೆಗಳೂ ಪಠ್ಯಪುಸ್ತಕಗಳೂ ಕಚೇರಿಯ ಕಾಗದಗಳೂ ಈ ಭೇದವನ್ನು ಪಾಲಿಸಲಿ. ಇನ್ನೊಂದು: ಕರ್ನಾಟಕವು ದಕ್ಷಿಣದ ವಲಯ ಪರಿಷತ್ತಿನಲ್ಲಿದೆ, ಮಹಾರಾಷ್ಟ್ರವು ಪಶ್ಚಿಮದ ವಲಯ ಪರಿಷತ್ತಿನಲ್ಲಿದೆ. ಎಲ್ಲೆ, ಅಲ್ಪಸಂಖ್ಯಾತರು, ಸಾರಿಗೆ ಈ ಮೂರನ್ನೂ ಕೂಡಿ ವಿಚಾರಿಸಬೇಕಾದ ನೆರೆಹೊರೆಯವರು ಬೇರೆಬೇರೆ ಚಾವಡಿಗಳಲ್ಲಿ ಕುಳಿತಿದ್ದಾರೆ. ಎರಡೂ ಸರಕಾರಗಳು ಭೀಮೆಯ ನೀರು, ಶಾಲೆ, ಬಸ್ಸು ಈ ಮೂರರ ಮಟ್ಟಿಗಾದರೂ ಕಾಯಮ್ಮಾದ ಒಂದು ಚಾವಡಿಯಲ್ಲಿ ಕೂಡಲಿ. ಭೂಮಿಯ ವ್ಯಾಜ್ಯವನ್ನು ನ್ಯಾಯಾಸನವೂ ಸಂಸತ್ತೂ ನೋಡಿಕೊಳ್ಳಲಿ.

ಕನ್ನಡಿಗರೇ! ಏಕೀಕರಣಕ್ಕಾಗಿ ದುಡಿದ ಹಿರಿಯರು ನಮಗೆ ನಕಾಶೆಯನ್ನಷ್ಟೇ ಬಿಟ್ಟುಹೋಗಲಿಲ್ಲ. ಭೀಮೆಯ ಎರಡು ದಂಡೆಗಳ ನಡುವಿದ್ದ ನಾಕೆಯನ್ನು ಕಿತ್ತೊಗೆದು, ಪರದೇಶವೆನಿಸಿದ್ದ ಮೊಗಲಾಯಿಯನ್ನು ತಾಯಿಮನೆಯ ಕೋಣೆಯನ್ನಾಗಿ ಮಾಡಿದ ಬುದ್ಧಿಯನ್ನೂ ಬಿಟ್ಟುಹೋದರು. ಅವರು ಕೆಡವಿದ ಸರಹದ್ದನ್ನು ಅಕ್ಕಲಕೋಟೆಯ ದಾರಿಯಲ್ಲಿ ನಾವು ಮತ್ತೆ ಕಟ್ಟಕೂಡದು. ಹಕ್ಕನ್ನು ಬಿಡದಿರೋಣ, ಲೆಕ್ಕವನ್ನು ತಪ್ಪದಿರೋಣ, ನೆರೆಯವನನ್ನು ಶತ್ರುವೆನ್ನದಿರೋಣ. ಆಳಂದ, ಅಫಜಲಪುರ, ಜೇವರ್ಗಿಗಳ ಜನರು ಕರ್ನಾಟಕದ ಕೊನೆಯವರಲ್ಲ. ಬಡಗಲಿಂದ ಬರುವವನಿಗೆ ಕರ್ನಾಟಕವು ಅವರ ಮನೆಯಂಗಳದಿಂದಲೇ ಮೊದಲಾಗುತ್ತದೆ.